ಅಷ್ಟೇ ಕುಡಿದ್ರೂ ಒಬ್ಬರು ಬೇಗ ಹೋಗ್ತಾರೆ, ಇನ್ನೊಬ್ಬರು ಗಟ್ಟಿಯಾಗಿರ್ತಾರೆ, ಯಾಕೆ?

ಮಳೆಹನಿ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮ ಭಾವ ತೀರಿಕೊಂಡು ನಾಲ್ಕು ತಿಂಗಳಾಯ್ತು. ವಯಸ್ಸು 43. ಲಿವರ್ ಸಿರೋಸಿಸ್, ಅಂದ್ರೆ ಲಿವರ್ ಗಾಯವಾಗಿ ಗಟ್ಟಿಯಾಗೋ ಕಾಯಿಲೆ. ಅವರನ್ನ ಯಾರೂ ಕುಡುಕ ಅಂದಿದ್ದಿಲ್ಲ. ತೂರಾಡಿದ್ದು ನೋಡಿಲ್ಲ, ಯಾರ ಜೊತೇನೂ ಜಗಳ ಆಡಿದವರಲ್ಲ, ಕೆಲಸಕ್ಕೆ ಒಂದಿನ ತಪ್ಪಿಸಿದವರಲ್ಲ. ರಾತ್ರಿ ಊಟಕ್ಕೆ ಮುಂಚೆ ಎರಡು ಪೆಗ್, ಅದೂ ಮನೇಲೇ ಕೂತು ಟಿವಿ ನೋಡ್ತಾ, ಹದಿನೈದು ಹದಿನಾರು ವರ್ಷದಿಂದ ಅದೇ ರೂಢಿ. ಕೊನೇ ವರ್ಷ ಕಣ್ಣು ಹಳದಿ, ಕಾಲು ಊತ, ಹೊಟ್ಟೇಲಿ ನೀರು ತುಂಬಿ ತೆಗೆಸೋದು ಮತ್ತೆ ತುಂಬೋದು, ಆಮೇಲೆ ಒಂದು ರಾತ್ರಿ ರಕ್ತವಾಂತಿ, ಅಷ್ಟೇ.

ಇನ್ನೊಂದು ಕಡೆ ನಮ್ಮ ಚಿಕ್ಕಪ್ಪ. 76 ವರ್ಷ. ಭಾವನಿಗಿಂತ ಜಾಸ್ತಿ ಕುಡಿದಿದಾರೆ, ಐವತ್ತು ವರ್ಷದಿಂದ ಕುಡೀತಿದಾರೆ, ಇವತ್ತಿಗೂ ಮೆಟ್ಟಿಲು ಹತ್ತಿ ಟೆರೇಸಿಗೆ ಹೋಗ್ತಾರೆ. ತಿಥಿ ದಿನ ಎಲ್ಲರ ಮುಂದೆ "ಎಣ್ಣೆ ಏನೂ ಮಾಡಲ್ಲ, ಅವನ ಆಯಸ್ಸು ಅಷ್ಟಿತ್ತು, ನನ್ನ ನೋಡಿ" ಅಂದ್ಬಿಟ್ರು. ಅಕ್ಕ ಏನೂ ಮಾತಾಡ್ಲಿಲ್ಲ, ಎದ್ದು ಒಳಗೆ ಹೋದ್ಲು. ಅವತ್ತಿಂದ ನಂಗೆ ನಿದ್ದೆ ಸರಿಯಾಗಿ ಬರ್ತಿಲ್ಲ ಯಾಕಂದ್ರೆ ಅವರಿಗೆ ಕೊಡೋಕೆ ನನ್ನ ಹತ್ರ ಉತ್ತರ ಇಲ್ಲ.

ಇನ್ನೊಂದು ವಿಷಯ, ನಂದೇ. ನಂಗೆ 34, ಹೆಣ್ಣುಮಗಳು. ಟೀಮಿನವರ ಜೊತೆ ಯಾವಾಗಾದ್ರೂ ಕುಡೀತೀನಿ. ಅವರಷ್ಟೇ ಕುಡಿದ್ರೂ ನಂಗೆ ಬೇಗ ಏರುತ್ತೆ. "ಅಭ್ಯಾಸ ಇಲ್ಲ ಅದಕ್ಕೆ" ಅಂತಾರೆ ಹುಡುಗರು. ನಿಜವಾಗ್ಲೂ ಅಭ್ಯಾಸದ ಪ್ರಶ್ನೆನಾ? ಗಂಡು ಹೆಣ್ಣು, ವಯಸ್ಸು, ವಂಶ, ಇವೆಲ್ಲಾ ಎಷ್ಟು ವ್ಯತ್ಯಾಸ ಮಾಡುತ್ತೆ? "ಲಿಮಿಟ್ಟಲ್ಲಿ ಕುಡಿದ್ರೆ ಹಾರ್ಟಿಗೆ ಒಳ್ಳೇದು" ಅನ್ನೋದು ಇನ್ನೂ ನಿಜಾನಾ? ಗೊತ್ತಿದ್ದವರು ಹೇಳಿ.

ನೈಟ್‌ಡ್ಯೂಟಿ:

ಮೊದಲು ನಿಮ್ಮ ಅಕ್ಕನಿಗೆ ಧೈರ್ಯ ಹೇಳಿ. ತಿಥಿ ಮನೇಲಿ ಆ ಮಾತು ಬರಬಾರದಿತ್ತು.

ನಾನು ಹದಿನಾಲ್ಕು ವರ್ಷದಿಂದ ಸ್ಟಾಫ್ ನರ್ಸ್, ಅದರಲ್ಲಿ ಎಂಟು ವರ್ಷ ಮೆಡಿಕಲ್ ವಾರ್ಡಲ್ಲೇ. ನಿಮ್ಮ ಭಾವನ ಥರದವರನ್ನ ಎಷ್ಟೋ ಜನರನ್ನ ನೋಡಿದೀನಿ. ಅಡ್ಮಿಷನ್ ಟೈಮಲ್ಲಿ "ಕುಡೀತೀರಾ" ಅಂತ ಕೇಳಿದ್ರೆ "ಇಲ್ಲ ಸಿಸ್ಟರ್, ದಿನಾ ಸ್ವಲ್ಪ ಅಷ್ಟೇ" ಅಂತಾರೆ. ಅವರು ಸುಳ್ಳು ಹೇಳ್ತಿರಲ್ಲ, ನಿಜವಾಗ್ಲೂ ಹಾಗೇ ಅಂದ್ಕೊಂಡಿರ್ತಾರೆ. ತೂರಾಡೋದಕ್ಕೂ ಲಿವರ್ ಹಾಳಾಗೋದಕ್ಕೂ ಸಂಬಂಧ ಇಲ್ಲ. ರೂಢಿ ಆದ ಮೆದುಳು ಅಮಲನ್ನ ತಡ್ಕೊಳ್ಳೋದು ಕಲಿಯುತ್ತೆ ಆದ್ರೆ ಲಿವರ್ ಹಾಗೆ ಕಲಿಯಲ್ಲ, ಎಷ್ಟು ಬಂತೋ ಅಷ್ಟನ್ನೂ ಅದು ಕರಗಿಸಲೇಬೇಕು. ಹಾಗಾಗಿ "ಎಷ್ಟು ಕುಡಿದ್ರೂ ನೆಟ್ಟಗೆ ನಿಲ್ತಾನೆ" ಅಂತ ಹೊಗಳ್ತಾರಲ್ಲ, ಅಂಥವರ ಬಗ್ಗೆನೇ ನಂಗೆ ಜಾಸ್ತಿ ಭಯ.

ದಿನಾ ಜಾಸ್ತಿ ಕುಡಿಯೋರಲ್ಲಿ 90 ಪರ್ಸೆಂಟ್‌ಗೂ ಹೆಚ್ಚು ಜನಕ್ಕೆ ಫ್ಯಾಟಿ ಲಿವರ್, ಅಂದ್ರೆ ಲಿವರಲ್ಲಿ ಕೊಬ್ಬು ಕೂರೋದು, ಬಂದೇ ಬರುತ್ತೆ, ಆದ್ರೆ ಅದು ಸಿರೋಸಿಸ್‌ವರೆಗೆ ಹೋಗೋದು ಸುಮಾರು 10ರಿಂದ 20 ಪರ್ಸೆಂಟ್ ಜನಕ್ಕೆ. ಯಾರು ಆ 10-20ರೊಳಗೆ ಬೀಳ್ತಾರೆ ಅನ್ನೋದನ್ನ ತುಂಬಾ ವಿಷಯ ಸೇರಿ ನಿರ್ಧಾರ ಮಾಡುತ್ತೆ. ಬೊಜ್ಜು, ಶುಗರ್, ಹೆಪಟೈಟಿಸ್ ಬಿ ಅಥವಾ ಸಿ ಮೊದಲೇ ಇರೋದು, ಸಿಗರೇಟು, ಹುಟ್ಟಿನಿಂದ ಬಂದ ಜೀನ್. ಪಿಎನ್‌ಪಿಎಲ್‌ಎ3 ಅಂತ ಒಂದು ಜೀನ್ ಇದೆ, ಅದರ ಒಂದು ರೂಪ ಇದ್ದವರ ಲಿವರಲ್ಲಿ ಕೊಬ್ಬು ಬೇಗ ಕೂರುತ್ತೆ, ಕುಡಿತನೂ ಸೇರಿದ್ರೆ ಗಾಯ ಇನ್ನೂ ಬೇಗ. ಭಾವನಿಗೆ ಶುಗರ್ ಇತ್ತಾ, ಹೊಟ್ಟೆ ಬಂದಿತ್ತಾ? ಕುಡಿತ ಮತ್ತು ಬೊಜ್ಜು ಎರಡೂ ಸೇರಿದ್ರೆ ಒಂದಕ್ಕೊಂದು ಕೂಡೋದಲ್ಲ, ಗುಣಿಸಿದ ಹಾಗಾಗುತ್ತೆ.

ಈಗ ನಿಮ್ಮ ವಿಷಯ. ಬರೀ ಅಭ್ಯಾಸದ ಪ್ರಶ್ನೆ ಅಲ್ಲ. ಆಲ್ಕೋಹಾಲ್ ಮೈಯಲ್ಲಿರೋ ನೀರಲ್ಲಿ ಹರಡುತ್ತೆ, ಕೊಬ್ಬಲ್ಲಿ ಅಷ್ಟಾಗಿ ಹರಡಲ್ಲ. ಹೆಂಗಸರ ಮೈಯಲ್ಲಿ ನೀರಿನ ಪಾಲು ಕಡಿಮೆ, ಸಾಮಾನ್ಯವಾಗಿ ತೂಕನೂ ಕಡಿಮೆ. ಅದೇ ಒಂದು ಚಮಚ ಉಪ್ಪನ್ನ ದೊಡ್ಡ ಬಿಂದಿಗೆಗೆ ಹಾಕೋದಕ್ಕೂ ಚಿಕ್ಕ ಚೊಂಬಿಗೆ ಹಾಕೋದಕ್ಕೂ ವ್ಯತ್ಯಾಸ ಇಲ್ವಾ, ಹಾಗೆ. ಜೊತೆಗೆ ಹೊಟ್ಟೆಯಲ್ಲೇ ಸ್ವಲ್ಪ ಆಲ್ಕೋಹಾಲನ್ನ ಒಡೆಯೋ ಕಿಣ್ವ ಹೆಂಗಸರಲ್ಲಿ ಕಡಿಮೆ ಅಂತ ಓದಿದೀವಿ. ಇದರಿಂದ ಬರೀ ಬೇಗ ಏರೋದಲ್ಲ, ಕಾಯಿಲೆನೂ ಬೇಗ. ಗಂಡಸರಿಗಿಂತ ಕಡಿಮೆ ಕುಡಿದು, ಕಡಿಮೆ ವರ್ಷಗಳಲ್ಲೇ ಲಿವರ್ ಹಾಳಾಗಿ ಬರ್ತಾರೆ. ಅದರ ಮೇಲೆ ಹೆಂಗಸರು ಬರೋದೇ ತಡ, ಯಾಕಂದ್ರೆ ಮುಚ್ಚಿಡ್ತಾರೆ. ಒಬ್ಬ ಅಮ್ಮ, ಐವತ್ತರ ಆಸುಪಾಸು, ಗಂಡನ್ನ ಹೊರಗೆ ಕಳಿಸಿ ಬಾಗಿಲು ಹಾಕಿಸಿ ಆಮೇಲೆ ನನ್ನ ಕೈ ಹಿಡ್ಕೊಂಡು ಪಿಸುಮಾತಲ್ಲಿ ಹೇಳಿದ್ರು, ಗಂಡನಿಗೆ ಗೊತ್ತಿಲ್ಲ ಅಂತ. ಆರು ವರ್ಷದಿಂದ ಕುಡೀತಿದ್ರಂತೆ. ಗಂಡಸಾಗಿದ್ರೆ ಊರಿಗೆಲ್ಲಾ ಗೊತ್ತಿರ್ತಿತ್ತು, ಯಾರಾದ್ರೂ ಬೈದಾದ್ರೂ ಆಸ್ಪತ್ರೆಗೆ ಎಳ್ಕೊಂಡು ಬಂದಿರ್ತಿದ್ರು.

ಒಂದು ಕೆಲಸ ಮಾಡ್ತೀರಾ? ಭಾವ ದಿನಾ ಬಳಸ್ತಿದ್ದ ಗ್ಲಾಸ್ ಮನೇಲಿ ಇದ್ರೆ, ಅವರು ಎಲ್ಲಿವರೆಗೆ ಹಾಕ್ಕೋತಿದ್ರು ಅಂತ ಅಕ್ಕನಿಗೆ ನೆನಪಿದ್ರೆ, ಅಲ್ಲೀವರೆಗೆ ನೀರು ಹಾಕಿ ಅಳತೆ ಮಾಡಿ ನೋಡಿ. ಅಕ್ಕನಿಗೆ ಕಷ್ಟ ಅನ್ಸಿದ್ರೆ ಬೇಡ.

ಮತ್ತೆ ಚಿಕ್ಕಪ್ಪನಿಗೆ ಒಂದೇ ಪ್ರಶ್ನೆ ಕೇಳಿ: ನಿಮ್ಮ ಜೊತೆ ಕೂತು ಕುಡೀತಿದ್ದವರಲ್ಲಿ ಈಗ ಯಾರ್ಯಾರು ಇದಾರೆ?

ಎಣಿಕೆಗಾರ:

ಸಿಸ್ಟರ್ ಕೊನೇ ಪ್ರಶ್ನೆ ಕೇಳಿದ್ರಲ್ಲ, ಇಡೀ ವಿಷಯದ ಬುಡ ಅಲ್ಲೇ ಇದೆ. ನಾನು ಆರೋಗ್ಯದ ಅಂಕಿಅಂಶಗಳ ಜೊತೆ ಕೆಲಸ ಮಾಡೋನು. ಬದುಕಿ ಉಳಿದವರು ಮಾತ್ರ ಬಂದು "ನನ್ನ ನೋಡಿ" ಅಂತಾರೆ, ಹೋದವರು ಬಂದು ಹೇಳಕ್ಕಾಗಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿ ಪ್ರಕಾರ 2019ರಲ್ಲಿ ಜಗತ್ತಲ್ಲಿ ಕುಡಿತದಿಂದ ಸತ್ತವರು 26 ಲಕ್ಷ. ಅದರಲ್ಲಿ 20 ಲಕ್ಷ ಗಂಡಸರು, 6 ಲಕ್ಷ ಹೆಂಗಸರು. ಜನ ಲಿವರ್ ಒಂದೇ ಅಂದ್ಕೋತಾರೆ, ಆದ್ರೆ ಇದರೊಳಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ 4.74 ಲಕ್ಷ, ಕ್ಯಾನ್ಸರಿಂದ 4.01 ಲಕ್ಷ, ಆಕ್ಸಿಡೆಂಟು ಹೊಡೆದಾಟ ಆತ್ಮಹತ್ಯೆ ಎಲ್ಲಾ ಸೇರಿ 7.24 ಲಕ್ಷ, ಟಿಬಿ ಥರದ ಸೋಂಕು ರೋಗಗಳಿಂದ 2.84 ಲಕ್ಷ. ರಸ್ತೆ ಅಪಘಾತದಲ್ಲೇ 2.98 ಲಕ್ಷ ಸಾವು, ಅದರಲ್ಲಿ 1.56 ಲಕ್ಷ ಜನ ಸತ್ತಿದ್ದು ಬೇರೆ ಯಾರೋ ಕುಡಿದಿದ್ದಕ್ಕೆ. ಆ ಕೊನೇ ಸಂಖ್ಯೆ ಓದಿದಾಗೆಲ್ಲಾ ನಂಗೆ ಹೊಟ್ಟೆ ತೊಳಸಿದ ಹಾಗಾಗುತ್ತೆ, ಒಂದು ತೊಟ್ಟೂ ಮುಟ್ಟದವರು ಅವರಲ್ಲಿ ಎಷ್ಟು ಜನ ಇದ್ದಿರಬಹುದು.

ವಯಸ್ಸಿನ ಲೆಕ್ಕ ನೋಡಿದ್ರೆ ಇನ್ನೂ ಬೇಜಾರು. 20ರಿಂದ 39ರ ಒಳಗೆ ಸಾಯೋರಲ್ಲಿ ಸುಮಾರು 13 ಪರ್ಸೆಂಟ್ ಸಾವಿಗೆ ಕುಡಿತ ಕಾರಣ. ಎಲ್ಲಾ ವಯಸ್ಸು ಸೇರಿಸಿದ್ರೆ ಅದು 4.7 ಪರ್ಸೆಂಟ್. ವಯಸ್ಸಾದವರಿಗೆ ಬೇರೆ ಕಾಯಿಲೆಗಳೂ ಇರ್ತವೆ, ಹುಡುಗರು ಸಾಯೋದಕ್ಕೆ ಬೇರೆ ಕಾರಣಗಳೇ ಕಡಿಮೆ, ಅಂಥ ವಯಸ್ಸಲ್ಲಿ ಇದೊಂದೇ ಇಷ್ಟು ಜನರನ್ನ ತಗೊಂಡು ಹೋಗ್ತಿದೆ.

ಹಾರ್ಟಿಗೆ ಒಳ್ಳೇದು ಅನ್ನೋದು ಎಲ್ಲಿಂದ ಬಂತು ಅಂದ್ರೆ, ಹಳೇ ಅಧ್ಯಯನಗಳಲ್ಲಿ ಕುಡಿಯದೇ ಇರೋರಿಗಿಂತ ಸ್ವಲ್ಪ ಕುಡಿಯೋರು ಜಾಸ್ತಿ ಬದುಕ್ತಾರೆ ಅಂತ ಕಾಣ್ತಿತ್ತು. ತೊಂದರೆ ಏನಂದ್ರೆ "ಕುಡಿಯದವರು" ಅನ್ನೋ ಗುಂಪಲ್ಲಿ, ಕಾಯಿಲೆ ಬಂದು ಡಾಕ್ಟರ್ ಬೈದು ಬಿಟ್ಟವರೂ ಸೇರಿದ್ರು. ಅವರು ಮೊದಲೇ ಸೋತ ಮೈಯವರು. ಇನ್ನು ವಾರಕ್ಕೊಂದ್ಸಲ ಅಳತೆ ನೋಡಿ ಕುಡಿಯೋರು ಸಾಮಾನ್ಯವಾಗಿ ಓದಿದವರು, ಒಳ್ಳೆ ಸಂಬಳದವರು, ವಾಕಿಂಗ್ ಹೋಗೋರು, ವರ್ಷಕ್ಕೊಮ್ಮೆ ಚೆಕಪ್ ಮಾಡಿಸೋರು. ಆಯಸ್ಸು ಕೊಟ್ಟಿದ್ದು ಆ ಜೀವನ, ಹೆಸರು ಬಂದಿದ್ದು ಗ್ಲಾಸಿಗೆ.

ಇದನ್ನ ಬೇರ್ಪಡಿಸಿ ನೋಡಿದ ಒಂದು ಅಧ್ಯಯನ ನಂಗೆ ತುಂಬಾ ಇಷ್ಟ. ಚೀನಾದ ಹತ್ತು ಪ್ರದೇಶಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಜನರನ್ನ ವರ್ಷಗಟ್ಟಲೆ ಹಿಂಬಾಲಿಸಿದ ಕಡೂರಿ ಬಯೋಬ್ಯಾಂಕ್ ಅಧ್ಯಯನ, 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. ಅಲ್ಲಿ ಬಹಳ ಜನಕ್ಕೆ ಹುಟ್ಟಿನಿಂದಲೇ ಒಂದು ಜೀನ್ ವ್ಯತ್ಯಾಸ ಇರುತ್ತೆ, ಅದಿದ್ರೆ ಕುಡಿದಾಗ ಸಂಕಟ ಆಗುತ್ತೆ, ಹಾಗಾಗಿ ಅವರು ಕುಡಿಯೋದೇ ಕಡಿಮೆ. ಯಾರಿಗೆ ಯಾವ ಜೀನ್ ಬರುತ್ತೆ ಅನ್ನೋದು ಹುಟ್ಟೋವಾಗ ಚೀಟಿ ಎತ್ತಿದ ಹಾಗೆ, ಅದಕ್ಕೂ ಸಂಬಳಕ್ಕೂ ವಾಕಿಂಗಿಗೂ ಸಂಬಂಧ ಇಲ್ಲ. ಜನ ಬಾಯಲ್ಲಿ ಹೇಳಿದ ಅಳತೆ ಹಿಡಿದು ನೋಡಿದಾಗ ಅದೇ ಹಳೇ "ಸ್ವಲ್ಪ ಒಳ್ಳೇದು" ಕಾಣಿಸ್ತು. ಜೀನ್ ಹಿಡಿದು ನೋಡಿದಾಗ ಅದು ಮಾಯ, ಕುಡಿತ ಹೆಚ್ಚಿದ ಹಾಗೆ ಬಿಪಿ ಮತ್ತು ಸ್ಟ್ರೋಕ್ ನೇರವಾಗಿ ಏರ್ತಾ ಹೋಯ್ತು. ಅಲ್ಲಿನ ಹೆಂಗಸರು ಹೆಚ್ಚುಕಡಿಮೆ ಕುಡಿಯೋದೇ ಇಲ್ಲ, ಅವರಲ್ಲೂ ಅದೇ ಜೀನ್‌ಗಳಿದ್ವು, ಆದ್ರೆ ಅವರ ಬಿಪಿ ಸ್ಟ್ರೋಕ್ ಮೇಲೆ ಏನೂ ಪರಿಣಾಮ ಇರಲಿಲ್ಲ. ಅಂದ್ರೆ ಗಂಡಸರಿಗೆ ಏಟು ಕೊಟ್ಟಿದ್ದು ಜೀನ್ ಅಲ್ಲ, ಕುಡಿತ. ಇಷ್ಟು ಚೊಕ್ಕವಾದ ಸಾಕ್ಷಿ ಜನರ ಆರೋಗ್ಯದ ವಿಷಯದಲ್ಲಿ ಸಿಗೋದು ಅಪರೂಪ.

ತಂಗಾಳಿ:

ಆ ಜೀನ್ ಮುಖ ಕೆಂಪಾಗೋದಕ್ಕೆ ಸಂಬಂಧಿಸಿದ್ದಾ? ನನ್ನ ಜೊತೆ ಕೆಲಸ ಮಾಡೋ ಒಬ್ಬ ಜಪಾನಿ ಗೆಳೆಯನಿಗೆ ಅರ್ಧ ಗ್ಲಾಸ್ ಬಿಯರಿಗೇ ಮುಖ, ಕುತ್ತಿಗೆ, ಕಿವಿ ಎಲ್ಲಾ ಕೆಂಪಾಗುತ್ತೆ, ಎದೆ ಡವಡವ ಅನ್ನುತ್ತಂತೆ. ಈಗ ಪಾರ್ಟಿಗೆ ಮುಂಚೆ ಯಾವುದೋ ಅಸಿಡಿಟಿ ಮಾತ್ರೆ ತಗೊಂಡು ಬರ್ತಾನೆ, ಆಗ ಕೆಂಪಾಗಲ್ಲ, ಎಲ್ಲರಷ್ಟೇ ಕುಡೀಬಹುದು ಅಂತಾನೆ.

ಎಣಿಕೆಗಾರ:

ದಯವಿಟ್ಟು ಅವರಿಗೆ ಇವತ್ತೇ ಹೇಳಿ, ಆ ಮಾತ್ರೆ ನಿಲ್ಲಿಸ್ಲಿ. ಅದೇ ಜೀನ್, ಎಎಲ್‌ಡಿಎಚ್2. ಆಲ್ಕೋಹಾಲ್ ಒಳಗೆ ಹೋದ್ಮೇಲೆ ಮೊದಲು ಅಸಿಟಾಲ್ಡಿಹೈಡ್ ಅನ್ನೋ ವಿಷ ಆಗುತ್ತೆ, ಆಮೇಲೆ ಇನ್ನೊಂದು ಕಿಣ್ವ ಅದನ್ನ ನಿರುಪದ್ರವಿ ಮಾಡುತ್ತೆ. ಈ ಎರಡನೇ ಕಿಣ್ವ ದುರ್ಬಲ ಇದ್ದವರಲ್ಲಿ ವಿಷ ಮೈಯಲ್ಲೇ ನಿಲ್ಲುತ್ತೆ, ಅದಕ್ಕೇ ಕೆಂಪು, ಎದೆಬಡಿತ, ವಾಕರಿಕೆ. ಪೂರ್ವ ಏಷ್ಯಾದವರಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಜನಕ್ಕೆ ಇದಿದೆ, ಜಗತ್ತಲ್ಲಿ 50 ಕೋಟಿಗೂ ಹೆಚ್ಚು ಜನ. ಇಂಥವರು ಕುಡೀತಾ ಹೋದ್ರೆ ಅನ್ನನಾಳದ ಕ್ಯಾನ್ಸರ್ ಬರೋ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ. ಮಾತ್ರೆ ಬರೀ ಕೆಂಪನ್ನ ಮುಚ್ಚುತ್ತೆ, ಒಳಗಿನ ವಿಷ ಹಾಗೇ ಇರುತ್ತೆ. ಬೆಂಕಿ ಬಿದ್ದಾಗ ಕೂಗೋ ಅಲಾರಾಮಿನ ಬಾಯಿ ಕಟ್ಟಿದ ಹಾಗೆ.

ಇಲ್ಲಿ ಇನ್ನೊಂದು ಮಾತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನ ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಅಂತ ಹೇಳಿದ್ದು 1988ರಲ್ಲೇ, ತಂಬಾಕಿಗೆ ಕೊಟ್ಟ ಅದೇ ಗುಂಪು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ. ಸಿಗರೇಟ್ ಪ್ಯಾಕ್ ಮೇಲಿನ ಚಿತ್ರ ನೋಡಿ ಎಲ್ಲರಿಗೂ ಗೊತ್ತು, ಇದು ಮಾತ್ರ ಎಷ್ಟು ಜನಕ್ಕೆ ಗೊತ್ತು? ಮಳೆಹನಿ ಅವರೇ, ನಿಮಗಾಗಿ ಇದನ್ನ ಬಿಡಿಸಿ ಹೇಳ್ತೀನಿ: ಹೆಂಗಸರು ದಿನಾ 10 ಗ್ರಾಂ ಆಲ್ಕೋಹಾಲ್ ಕುಡಿದ್ರೆ, ಅಂದ್ರೆ 30 ಎಂಎಲ್ ವಿಸ್ಕಿಯಷ್ಟು, ಸ್ತನ ಕ್ಯಾನ್ಸರ್ ಸಾಧ್ಯತೆ ಸುಮಾರು 7 ಪರ್ಸೆಂಟ್ ಏರುತ್ತೆ, 53 ಅಧ್ಯಯನಗಳನ್ನ ಒಟ್ಟು ಹಾಕಿ 2002ರಲ್ಲಿ ತೆಗೆದ ಲೆಕ್ಕ. ಇದರಲ್ಲಿ ಸ್ವಲ್ಪ ಅನ್ನೋದಕ್ಕೆ ರಿಯಾಯಿತಿ ಇಲ್ಲ.

ನೇರಮಾತು:

ಎಲ್ಲಾ ಸರಿ, ಆದ್ರೆ ಒಂದು ವಿಷಯ ಯಾರೂ ಹೇಳ್ತಿಲ್ಲ. ನಾನು ನೋಡಿದ ಹಾಗೆ ಕುಡಿದು ಹಾಳಾಗೋರು ಬಡವರೇ ಜಾಸ್ತಿ. ದುಡ್ಡಿರೋರು ಲಿಮಿಟ್ಟಲ್ಲಿ ಕುಡೀತಾರೆ, ಇಲ್ಲದವರು ಮಿತಿಮೀರಿ ಕುಡೀತಾರೆ. ಕೆಲವು ಜನಾಂಗದವರಿಗೆ ರಕ್ತದಲ್ಲೇ ಬಂದಿರುತ್ತೆ, ಅಮೆರಿಕದ ಮೂಲನಿವಾಸಿಗಳ ಬಗ್ಗೆ ಓದಿಲ್ವಾ. ಸ್ವಂತ ಬುದ್ಧಿ ಇಲ್ಲದಿದ್ರೆ ಸರ್ಕಾರ ಏನು ಮಾಡಕ್ಕಾಗುತ್ತೆ?

ಕಾಲುದಾರಿ:

ನೇರಮಾತು ಅವರೇ, ಬೇಜಾರು ಮಾಡ್ಕೋಬೇಡಿ, ನೀವು ಹೇಳಿದ್ದರಲ್ಲಿ ಅರ್ಧ ಸರಿ, ಕಾರಣ ಮಾತ್ರ ತಲೆಕೆಳಗು. ಬಡವರಿಗೆ ಹಾನಿ ಜಾಸ್ತಿ ಅನ್ನೋದು ನಿಜ. ಅವರು ಜಾಸ್ತಿ ಕುಡೀತಾರೆ ಅನ್ನೋದು ಸರಿಯಲ್ಲ. ಎಷ್ಟೋ ದೇಶಗಳ ಲೆಕ್ಕದಲ್ಲಿ ಬಡವರು ಸರಾಸರಿ ಅಷ್ಟೇ ಅಥವಾ ಕಡಿಮೆ ಕುಡೀತಾರೆ, ಅವರಲ್ಲಿ ಕುಡಿಯದವರೇ ಜಾಸ್ತಿ, ಆದ್ರೂ ಆಸ್ಪತ್ರೆಗೆ ಬರೋದು, ಸಾಯೋದು ಅವರೇ ಜಾಸ್ತಿ. ಸ್ಕಾಟ್‌ಲ್ಯಾಂಡಲ್ಲಿ 2017ರಲ್ಲಿ ಒಂದು ಅಧ್ಯಯನ ಮಾಡಿದ್ರು, ಕುಡಿಯೋ ಪ್ರಮಾಣ, ಸಿಗರೇಟು, ತೂಕ ಎಲ್ಲಾ ಸಮ ಮಾಡಿ ನೋಡಿದ ಮೇಲೂ ಬಡವರಿಗೆ ಏಟು ಜಾಸ್ತಿನೇ ಇತ್ತು. ದೇಶ ದೇಶ ಹೋಲಿಸಿದ್ರೂ ಅದೇ ಕಥೆ, ಕುಡಿದ ಒಂದೊಂದು ಲೀಟರಿಗೆ ಸಾಯೋರ ಲೆಕ್ಕ ಹಾಕಿದ್ರೆ ಬಡ ದೇಶಗಳಲ್ಲೇ ಅತಿ ಹೆಚ್ಚು, ಶ್ರೀಮಂತ ದೇಶಗಳಲ್ಲಿ ಅತಿ ಕಡಿಮೆ.

ನಾನು ಚಟ ಬಿಡಿಸೋ ಕೇಂದ್ರದಲ್ಲಿ ಒಂಬತ್ತು ವರ್ಷದಿಂದ ಕೌನ್ಸೆಲಿಂಗ್ ಮಾಡ್ತೀನಿ, ಕಣ್ಣಾರೆ ಕಂಡಿದ್ದು ಹೇಳ್ತೀನಿ. ಇಬ್ಬರು ಬಂದಿದ್ರು, ಒಂದೇ ವಾರದಲ್ಲಿ, ಇಬ್ಬರ ಕುಡಿತನೂ ಹೆಚ್ಚುಕಡಿಮೆ ಒಂದೇ. ಒಬ್ಬರು ಆಫೀಸಿನವರು. ಅವರ ಕಂಪನಿ ಚೆಕಪ್ಪಲ್ಲೇ ಲಿವರ್ ರಿಪೋರ್ಟ್ ಏರಿದ್ದು ಗೊತ್ತಾಗಿತ್ತು, ರಜೆ ಸಿಕ್ತು, ಹೆಂಡತಿ ಜೊತೆಗೆ ಬಂದ್ರು, ಆರು ವಾರ ಆದ್ಮೇಲೆ ಮತ್ತೆ ಅದೇ ಕುರ್ಚಿಗೆ ಹೋಗಿ ಕೂತ್ರು. ಇನ್ನೊಬ್ಬರು ಸೆಂಟ್ರಿಂಗ್ ಕೆಲಸದವರು. ಎತ್ತರದಲ್ಲಿ ನಿಂತು ಕೆಲಸ, ಹಿಂದಿನ ರಾತ್ರಿಯ ಅಮಲು ಪೂರ್ತಿ ಇಳಿದಿರಲಿಲ್ಲ, ಬಿದ್ದು ತೊಡೆ ಮೂಳೆ ಮುರಿದ್ಮೇಲೇ ಆಸ್ಪತ್ರೆ ಕಂಡಿದ್ದು. ಟಿಬಿನೂ ಅಲ್ಲೇ ಪತ್ತೆ ಆಯ್ತು. ಮೂರನೇ ವಾರಕ್ಕೆ "ಸಾರ್ ನಾನು ಇಲ್ಲಿ ಮಲ್ಕೊಂಡ್ರೆ ಮನೇಲಿ ಯಾರು ದುಡೀತಾರೆ" ಅಂತ ಬ್ಯಾಗ್ ಎತ್ಕೊಂಡು ಹೊರಟೇ ಹೋದ್ರು. ಕುಂಟ್ತಾ ಗೇಟ್ ದಾಟಿದ್ದು ಇನ್ನೂ ಕಣ್ಣಲ್ಲಿದೆ. ಅವರಿಬ್ಬರಲ್ಲಿ ಬುದ್ಧಿ ಯಾರಿಗೆ ಕಡಿಮೆ ಇತ್ತು ಹೇಳಿ? ಕೆಳಗೆ ಬಲೆ ಇದ್ದವನು ಬಿದ್ರೂ ಬದುಕ್ತಾನೆ, ಇಲ್ಲದವನು ಅಷ್ಟೇ ಎತ್ತರದಿಂದ ಬಿದ್ರೆ ಸಾಯ್ತಾನೆ.

ಮೂಲನಿವಾಸಿಗಳ ರಕ್ತದ ಮಾತು ಹಳೇ ಸುಳ್ಳು. ಅವರು ಬೇರೆಯವರಿಗಿಂತ ಬೇಗ ಚಟಕ್ಕೆ ಬೀಳೋ ಹಾಗೆ ಮಾಡೋ ವಿಶೇಷ ಜೀನ್ ಯಾವುದೂ ಸಿಕ್ಕಿಲ್ಲ. ಅಮೆರಿಕದ ಮೂಲನಿವಾಸಿಗಳಲ್ಲಿ ಆಗಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಆಗಲಿ ಒಂದು ತೊಟ್ಟೂ ಕುಡಿಯದವರ ಪಾಲು ಅಲ್ಲಿನ ಉಳಿದ ಜನರಿಗಿಂತ ಜಾಸ್ತಿ ಅಂತ ಸಮೀಕ್ಷೆಗಳು ಹೇಳ್ತವೆ. ಕುಡಿಯೋರಲ್ಲಿ ಹಾನಿ ಮಾತ್ರ ವಿಪರೀತ. ನೆಲ ಕಳ್ಕೊಂಡು, ಮಕ್ಕಳನ್ನ ಬಲವಂತವಾಗಿ ಬೋರ್ಡಿಂಗ್ ಶಾಲೆಗಳಿಗೆ ಎಳೆದುಕೊಂಡು ಹೋಗಿ, ಭಾಷೆ ಕಿತ್ಕೊಂಡು ಹೀಗೆ ತಲೆಮಾರುಗಳಿಂದ ಬಂದ ನೋವಿದೆ, ಪಕ್ಕದಲ್ಲಿ ಒಂದು ಒಳ್ಳೆ ಆಸ್ಪತ್ರೆ ಇಲ್ಲ. ಅದನ್ನೆಲ್ಲಾ ಬಿಟ್ಟು ರಕ್ತದ ಮೇಲೆ ಹಾಕಿದ್ರೆ ಯಾರೂ ಏನೂ ಮಾಡಬೇಕಾಗಿಲ್ಲ ಅಂತಾಗುತ್ತೆ, ಅದಕ್ಕೇ ಆ ಸುಳ್ಳು ಇಷ್ಟು ದಿನ ಬಾಳಿದೆ.

ಸರ್ಕಾರ ಏನು ಮಾಡಕ್ಕಾಗುತ್ತೆ ಅಂದ್ರಲ್ಲ. ಸೋವಿಯತ್ ಕಾಲದಲ್ಲಿ 1985ರಲ್ಲಿ ಅಲ್ಲಿನ ಆಗಿನ ನಾಯಕ ಗೋರ್ಬಚೇವ್ ಮದ್ಯದ ಮೇಲೆ ಕಡಿವಾಣ ಹಾಕಿದ್ರು. ಎರಡೇ ವರ್ಷದಲ್ಲಿ ರಷ್ಯಾದ ಗಂಡಸರ ಸರಾಸರಿ ಆಯಸ್ಸು ಎರಡು ವರ್ಷಕ್ಕಿಂತ ಜಾಸ್ತಿ ಏರ್ತು. ಕಡಿವಾಣ ಸಡಿಲ ಆಯ್ತು, ಆಮೇಲೆ ದೇಶಾನೇ ಒಡೀತು, 1994ರ ಹೊತ್ತಿಗೆ ಆಯಸ್ಸು 58ಕ್ಕಿಂತ ಕೆಳಗೆ ಬಿತ್ತು. ಬರೀ ಕುಡಿತದಿಂದ ಅಂತ ನಾನು ಹೇಳಲ್ಲ, ಕೆಲಸ ಹೋಗಿತ್ತು, ಬದುಕು ಚೆಲ್ಲಾಪಿಲ್ಲಿ ಆಗಿತ್ತು, ಆದ್ರೆ ಏರಿಳಿತ ಜಾಸ್ತಿ ಕಂಡಿದ್ದು ನಡುವಯಸ್ಸಿನ ಗಂಡಸರಲ್ಲಿ, ಕುಡಿತಕ್ಕೆ ಸಂಬಂಧಪಟ್ಟ ಸಾವುಗಳಲ್ಲೇ. ಇನ್ನು ಸ್ಕಾಟ್‌ಲ್ಯಾಂಡಲ್ಲಿ 2018ರ ಮೇ 1ರಿಂದ ಇಷ್ಟು ಆಲ್ಕೋಹಾಲಿಗೆ ಇಷ್ಟಕ್ಕಿಂತ ಕಡಿಮೆ ಬೆಲೆಗೆ ಮಾರಬಾರದು ಅಂತ ಕಾನೂನು ಮಾಡಿದ್ರು. 2023ರಲ್ಲಿ ಬಂದ ಲೆಕ್ಕ ನೋಡಿ: ನೇರವಾಗಿ ಕುಡಿತದಿಂದಲೇ ಆಗೋ ಸಾವು 13.4 ಪರ್ಸೆಂಟ್ ಇಳೀತು, ಅತಿ ಜಾಸ್ತಿ ಇಳಿದಿದ್ದು ಬಡವರಿರೋ ಪ್ರದೇಶಗಳಲ್ಲಿ. ಜನರ ಬುದ್ಧಿ ರಾತ್ರೋರಾತ್ರಿ ಬದಲಾಗಿರಲಿಲ್ಲ, ಬಾಟ್ಲಿ ಸುಲಭವಾಗಿ ಸಿಗೋದು ಕಡಿಮೆ ಆಗಿತ್ತು ಅಷ್ಟೇ.

ನೇರಮಾತು:

ಮೂಲನಿವಾಸಿಗಳ ವಿಷಯ ನಂಗೆ ಗೊತ್ತಿರಲಿಲ್ಲ, ತಪ್ಪಾಗಿ ಹೇಳಿದೆ. ಸೆಂಟ್ರಿಂಗ್ ಕೆಲಸದವರ ವಿಷಯ ಓದಿ ಸುಮ್ನಾದೆ. ನಮ್ಮಪ್ಪನೂ ಗಾರೆ ಕೆಲಸದವರೇ.

ಹೊಂಗೆನೆರಳು:

ವಯಸ್ಸಾದವರ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ನಮ್ಮ ತಂದೆ 71ರವರೆಗೂ ರಾತ್ರಿ ಒಂದೇ ಒಂದು ತಗೋತಿದ್ರು, ಜೀವನಪೂರ್ತಿ ಅಷ್ಟೇ, ಒಂದಿನ ಜಾಸ್ತಿ ಮಾಡಿದವರಲ್ಲ. ಬಿಪಿ ಮಾತ್ರೆ ಇತ್ತು, ಆಮೇಲೆ ನಿದ್ದೆ ಮಾತ್ರೆ ಸೇರ್ತು. ನಾವು ಯಾರೂ ಡಾಕ್ಟರಿಗೆ ಆ ಒಂದು ಗ್ಲಾಸಿನ ವಿಷಯ ಹೇಳ್ಲಿಲ್ಲ, ಒಂದೇ ಅಲ್ವಾ ಅಂತ. ಒಂದು ರಾತ್ರಿ ಬಾತ್‌ರೂಮಿಗೆ ಎದ್ದವರು ಬಾಗಿಲ ಹತ್ರಾನೇ ಬಿದ್ರು. ಸೊಂಟದ ಮೂಳೆ. ಆಪರೇಷನ್ ಆಯ್ತು ಆದ್ರೆ ಮತ್ತೆ ಮೊದಲಿನ ಹಾಗೆ ನಡೀಲೇ ಇಲ್ಲ. ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದ್ರು: ವಯಸ್ಸಾದ ಹಾಗೆ ಮೈಯಲ್ಲಿ ನೀರು ಕಡಿಮೆ ಆಗುತ್ತೆ, ಅದೇ ಒಂದು ಗ್ಲಾಸ್ ನಲವತ್ತರಲ್ಲಿ ಏರಿದ್ದಕ್ಕಿಂತ ಎಪ್ಪತ್ತರಲ್ಲಿ ಜಾಸ್ತಿ ಏರುತ್ತೆ, ನಿದ್ದೆ ಮಾತ್ರೆ ಜೊತೆ ಸೇರಿದ್ರೆ ಎರಡೂ ಸೇರಿ ಮೆದುಳನ್ನ ಮಂಕು ಮಾಡುತ್ತೆ, ಉಸಿರೂ ನಿಧಾನ ಆಗುತ್ತೆ ಅಂತ. ಗ್ಲಾಸ್ ಬದಲಾಗಿರಲಿಲ್ಲ, ಅಪ್ಪನ ಮೈ ಬದಲಾಗಿತ್ತು. ಮಳೆಹನಿ, ಚಿಕ್ಕಪ್ಪ ಯಾವ್ಯಾವ ಮಾತ್ರೆ ತಗೋತಾರೆ ಅಂತ ಒಂದ್ಸಲ ನೋಡಿ.

ಹಸಿರುಬಳೆ:

ಸಣ್ಣ ಪ್ರಶ್ನೆ. ನಂಗೀಗ ಎರಡನೇ ತಿಂಗಳು. ಗೊತ್ತಾಗೋಕೆ ಮುಂಚೆ ಒಂದು ಪಾರ್ಟಿಲಿ ಎರಡು ಗ್ಲಾಸ್ ವೈನ್ ಕುಡಿದಿದ್ದೆ. ತುಂಬಾ ಭಯ ಆಗ್ತಿದೆ.

ನೈಟ್‌ಡ್ಯೂಟಿ:

ತಂಗಿ, ಗಾಬರಿ ಆಗ್ಬೇಡ. ಗೊತ್ತಾಗೋ ಮುಂಚೆ ಒಂದ್ಸಲ ಹೀಗಾದವರು ತುಂಬಾ ಜನ ಇರ್ತಾರೆ, ಹೆಚ್ಚಿನವರಿಗೆ ಮಗು ಆರೋಗ್ಯವಾಗೇ ಹುಟ್ಟುತ್ತೆ. ಇವತ್ತಿಂದ ಪೂರ್ತಿ ನಿಲ್ಲಿಸು, ಮುಂದಿನ ಚೆಕಪ್ಪಲ್ಲಿ ಡಾಕ್ಟರಿಗೆ ಮುಚ್ಚಿಡದೇ ಹೇಳು. ನಿಲ್ಲಿಸು ಅಂತ ಯಾಕೆ ಒತ್ತಿ ಹೇಳ್ತೀನಂದ್ರೆ ಕುಡಿದಿದ್ದು ಕರುಳಬಳ್ಳಿ ಮೂಲಕ ಮಗುಗೆ ಹೋಗುತ್ತೆ, ಮಗುವಿನ ಲಿವರಿಗೆ ಅದನ್ನ ಕರಗಿಸೋ ಶಕ್ತಿ ಇಲ್ಲ. ಬಸುರಿಯಲ್ಲಿ ಕುಡಿತದಿಂದ ಮಗುವಿನ ಮುಖ, ಬೆಳವಣಿಗೆ, ಬುದ್ಧಿ ಮೇಲಾಗೋ ಹಾನಿಗೆ ಡಾಕ್ಟರುಗಳು ಹೆಸರು ಕೊಟ್ಟಿದ್ದು 1973ರಲ್ಲಿ, ಇಷ್ಟು ವರ್ಷ ಆದ್ರೂ ಇಷ್ಟಾದ್ರೆ ಪರವಾಗಿಲ್ಲ ಅನ್ನೋ ಅಳತೆ ಒಂದೂ ಸಿಕ್ಕಿಲ್ಲ. ಬಿಯರ್ ಆದ್ರೂ ವೈನ್ ಆದ್ರೂ ಒಂದೇ. ಮನೇಲಿ ಯಾರಾದ್ರೂ ಒಂದು ಗುಟುಕು ಏನಾಗುತ್ತೆ ಅಂದ್ರೆ ಬೇಡ ಅನ್ನು. ಮನೆಯವರಿಗೂ ಹೇಳು, ಜೊತೆಗಿರೋರು ನಿಲ್ಲಿಸಿದ್ರೆ ನಿಂಗೆ ಸುಲಭ ಆಗುತ್ತೆ.

ಮಳೆಹನಿ:

ಎರಡು ದಿನ ಆದ್ಮೇಲೆ ಬರೀತಿದೀನಿ, ಎಲ್ರಿಗೂ ಥ್ಯಾಂಕ್ಸ್.

ಸಿಸ್ಟರ್, ಗ್ಲಾಸ್ ಅಳತೆ ಮಾಡಿದ್ವಿ. ಅಕ್ಕನೇ ಒಳಗಿಂದ ತಂದ್ಲು, ಬಟ್ಟೇಲಿ ಸುತ್ತಿ ಇಟ್ಟಿದ್ಲು. ದಪ್ಪ ತಳದ ಗ್ಲಾಸು, ಮೇಲೆ ಒಂದು ನೀಲಿ ಗೆರೆ ಇದೆ. ಆ ಗೆರೆವರೆಗೆ ಹಾಕಿ ಮೇಲೆ ನೀರು ಸೇರಿಸ್ತಿದ್ರು ಅಂತ ಅಕ್ಕನಿಗೆ ಚೆನ್ನಾಗಿ ನೆನಪಿತ್ತು. ನಾವು ಮಗುಗೆ ಹಾಲು ಹಾಕೋ ಅಳತೆ ಬಾಟ್ಲಿಂದ ನೀರು ಹಾಕ್ತಾ ಹೋದ್ವಿ. 60 ಆಯ್ತು, ಗೆರೆ ಬರಲಿಲ್ಲ. 80 ಆಯ್ತು. 95ಕ್ಕೆ ಗೆರೆ ಮುಟ್ಟಿತು. ಅಕ್ಕ ಆ ಗ್ಲಾಸನ್ನೇ ನೋಡ್ತಾ ಕೂತಳು, ಆಮೇಲೆ "ಎರಡೇ ಅಂತಿದ್ರು ಕಣೇ" ಅಂದ್ಲು. ಅವರಿಗೆ ಸ್ವಲ್ಪ ಶುಗರ್ ಇದ್ದಿದ್ದೂ ಹೌದು, ಹೊಟ್ಟೆನೂ ಬಂದಿತ್ತು.

ಚಿಕ್ಕಪ್ಪನ ಹತ್ರ ಆ ಪ್ರಶ್ನೆ ಕೇಳೋಕೆ ನಂಗೆ ಬಾಯಿ ಬರಲಿಲ್ಲ, ಅಕ್ಕನೇ ಕೇಳಿದ್ಲು, ನೇರವಾಗಿ, ಮೆತ್ತಗೆ. ಅವರು ಬೆರಳು ಮಡಿಸೋಕೆ ಶುರು ಮಾಡಿದ್ರು. ಒಬ್ಬರು ಸ್ಟ್ರೋಕಲ್ಲಿ ಹೋದ್ರು, ಒಬ್ಬರು ಬೈಕಿಂದ ಬಿದ್ದು, ಒಬ್ಬರು ಗಂಟಲ ಕ್ಯಾನ್ಸರು, ಇಬ್ಬರು ಭಾವನ ಥರಾನೇ. ಆರನೇ ಬೆರಳಿಗೆ ನಿಲ್ಲಿಸಿ, ಇವನೊಬ್ಬ ಇದಾನೆ, ಆದ್ರೆ ಹಾಸಿಗೆ ಹಿಡಿದಿದಾನೆ ಅಂದ್ರು. ಆಮೇಲೆ ಮಾತಾಡ್ಲಿಲ್ಲ. ಅವತ್ತು ರಾತ್ರಿ ಕುಡೀಲಿಲ್ಲ. ಇವತ್ತು ಬೆಳಿಗ್ಗೆಯಿಂದ ಕೈ ನಡುಗ್ತಿದೆ ಅಂತಿದಾರೆ, ಬೆವರ್ತಿದಾರೆ. ಬಿಟ್ಟುಬಿಡ್ತೀನಿ ಅಂತ ಹಟ ಹಿಡಿದಿದಾರೆ, ನಮಗೆಲ್ಲಾ ಖುಷಿನೇ, ಆದ್ರೆ ಈ ನಡುಕ ಏನು?

ನೈಟ್‌ಡ್ಯೂಟಿ:

ಮಳೆಹನಿ, ಇದನ್ನ ಓದಿದ ತಕ್ಷಣ ಅವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ, ನಾಳೆಗೆ ಇಡಬೇಡಿ. ಐವತ್ತು ವರ್ಷ ದಿನಾ ಕುಡಿದವರು ಒಂದೇ ಸಲ ನಿಲ್ಲಿಸಿದ್ರೆ ಮೈ ತಿರುಗಿ ಬೀಳುತ್ತೆ. ಮೊದಲು ನಡುಕ, ಬೆವರು, ಆಮೇಲೆ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣೋದು, ಗೋಡೆ ಮೇಲೆ ಹುಳ ಹರೀತಿದೆ ಅನ್ನೋದು, ಜ್ವರ, ಎದೆಬಡಿತ. ಆ ವಯಸ್ಸಲ್ಲಿ ಅದು ಪ್ರಾಣಕ್ಕೇ ಬರುತ್ತೆ. ವಾರ್ಡಲ್ಲಿ ಇದಕ್ಕೆ ಮಾತ್ರೆ ಕೊಟ್ಟು ದಿನ ದಿನಕ್ಕೆ ಇಳಿಸ್ತಾರೆ, ಥಯಾಮಿನ್ ಅಂದ್ರೆ ಬಿ1 ವಿಟಮಿನ್ ಇಂಜೆಕ್ಷನ್ ಹಾಕ್ತಾರೆ, ಇಲ್ಲದಿದ್ರೆ ನೆನಪಿನ ಶಕ್ತಿಗೇ ಏಟು ಬೀಳುತ್ತೆ. ಹೋದ ತಕ್ಷಣ ಡಾಕ್ಟರಿಗೆ ಮೂರು ಹೇಳಿ: ಎಷ್ಟು ವರ್ಷದಿಂದ ಕುಡೀತಿದ್ರು, ಕೊನೇ ಸಲ ಕುಡಿದಿದ್ದು ಯಾವಾಗ, ಯಾವ್ಯಾವ ಮಾತ್ರೆ ತಗೋತಾರೆ. ಮಾತ್ರೆ ಸ್ಟ್ರಿಪ್ಪುಗಳನ್ನೇ ಚೀಲಕ್ಕೆ ಹಾಕ್ಕೊಂಡು ಹೋಗಿ. ಅವರು ನಾಚಿಕೆಯಿಂದ ಕಡಿಮೆ ಹೇಳಿದ್ರೆ ನೀವು ಸರಿಯಾದ್ದು ಹೇಳಿ.

ಎಣಿಕೆಗಾರ:

ಸಿಸ್ಟರ್ ಹೇಳಿದ್ದು ಮೊದಲು ಮಾಡಿ. ಇದನ್ನ ಆಮೇಲೆ ಬಿಡುವಾದಾಗ ಓದಿ, ಅಕ್ಕನಿಗೋಸ್ಕರ. 95 ಎಂಎಲ್ ಎರಡು ಸಲ ಅಂದ್ರೆ 190 ಎಂಎಲ್. ವಿಸ್ಕಿ ಆಗಿದ್ರೆ ಸುಮಾರು 64 ಗ್ರಾಂ ಆಲ್ಕೋಹಾಲ್, ದಿನಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಗಂಡಸರಿಗೆ ದಿನಕ್ಕೆ 60 ದಾಟಿದ್ರೆ ಹೆಚ್ಚಿನ ಅಪಾಯದ ಸಾಲು, ಹೆಂಗಸರಿಗೆ 40 ದಾಟಿದ್ರೇ ಆ ಸಾಲು. ಭಾವ ಸುಳ್ಳು ಹೇಳಿರಲಿಲ್ಲ, ಎರಡೇ ಹಾಕ್ಕೋತಿದ್ರು. ಆ ನೀಲಿ ಗೆರೆ ಎಲ್ಲಿದೆ ಅಂತ ಅವರಿಗೂ ಗೊತ್ತಿರಲಿಲ್ಲ.

ಮಳೆಹನಿ:

ಅಡ್ಮಿಟ್ ಮಾಡ್ಕೊಂಡ್ರು. ಡ್ರಿಪ್ ಹಾಕಿದಾರೆ, ನಡುಕ ಸ್ವಲ್ಪ ಕಡಿಮೆ ಆಗಿದೆ, ಮಲಗಿದಾರೆ. ನಾನೇ ಸ್ಟ್ರಿಪ್ಪುಗಳನ್ನ ತಂದಿದ್ದೆ, ಅದರಲ್ಲಿ ಒಂದು ನಿದ್ದೆ ಮಾತ್ರೆ ಇತ್ತು, ಹೊಂಗೆನೆರಳು ಅವರೇ, ನೀವು ಹೇಳದೇ ಇದ್ದಿದ್ರೆ ನೋಡ್ತಾನೇ ಇರಲಿಲ್ಲ. ರಾತ್ರಿ ಅಕ್ಕ ಇರ್ತೀನಿ ಅಂದ್ಲು, ಬೇಡ ಅಂದ್ರೂ ಕೇಳ್ಲಿಲ್ಲ, ಕುರ್ಚಿ ಎಳ್ಕೊಂಡು ಅವರ ಪಕ್ಕ ಕೂತಿದಾಳೆ.